.32 ರಿವಾಲ್ವರ್ ಒಳ್ಳೇದೋ ಪಿಸ್ತೂಲೋ? ದಿನಾ ಸೊಂಟದಲ್ಲಿ ಇಟ್ಟುಕೊಂಡು ಓಡಾಡುವವರು ಹೇಳಿ

ಗಲ್ಲಾಪೆಟ್ಟಿಗೆ (ಚಿಂಚವಡ, ಪುಣೆ)

ಎಲ್ಲರಿಗೂ ನಮಸ್ಕಾರ. ಊರು ಕಾರ್ಕಳದ ಹತ್ತಿರ, ಇಲ್ಲಿ ಚಿಂಚವಡದಲ್ಲಿ ಸಣ್ಣ ಹೋಟೆಲ್ ನಡೆಸುತ್ತೇನೆ. ಎರಡು ವರ್ಷದ ಹಿಂದೆ ರಾತ್ರಿ ಗಲ್ಲಾ ಮುಚ್ಚಿ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಹಿಂದಿನಿಂದ ಬೈಕಿನಲ್ಲಿ ಬಂದ ಇಬ್ಬರು ಒದ್ದು ಕೆಡವಿದರು. ಚೀಲ ಹೋಯಿತು, ಮೊಣಕೈ ಮುರಿಯಿತು. ಆಮೇಲೆ ಅರ್ಜಿ ಹಾಕಿ, ಪೊಲೀಸ್ ವಿಚಾರಣೆ, ತರಬೇತಿ ಸರ್ಟಿಫಿಕೇಟು ಅಂತ ತಿಂಗಳುಗಟ್ಟಲೆ ಅಲೆದು ಅಂತೂ ಲೈಸೆನ್ಸ್ ಕೈಗೆ ಬಂದಿದೆ.

ಈಗ ಏನು ಕೊಳ್ಳಬೇಕು ಅನ್ನುವುದೇ ತಲೆನೋವು. ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 (ಇಂಚಿನಲ್ಲಿ ನಳಿಗೆಯ ಅಳತೆ) ರಿವಾಲ್ವರ್ ತಗೊಳ್ಳಿ ಅಂತ ಒಬ್ಬ, ಅಶನಿ ಪಿಸ್ತೂಲು ಚಪ್ಪಟೆ ಇದೆ, ಅಂಗಿಯೊಳಗೆ ಕಾಣೋದೇ ಇಲ್ಲ ಅಂತ ಇನ್ನೊಬ್ಬ. ಇದರ ನಡುವೆ ಮುಂಬೈಯಲ್ಲಿರುವ ನನ್ನ ಸೋದರಮಾವ, ಅವರಿಗೆ 70 ದಾಟಿದೆ, ತಮ್ಮ ಹಳೇ ಇಂಗ್ಲೆಂಡಿನ ವೆಬ್ಲಿ ರಿವಾಲ್ವರ್ ನನ್ನ ಹೆಸರಿಗೆ ಮಾಡಿಕೊಡ್ತೇನೆ ಅಂತಿದ್ದಾರೆ. ಫಾರಿನ್ ಮಾಲು, ಇವತ್ತು ದುಡ್ಡು ಕೊಟ್ಟರೂ ಸಿಗಲ್ಲ ಅಂತ ಅವರ ಹೆಮ್ಮೆ.

ನನಗೆ ಬೇಕಾಗಿರುವುದು ಇಷ್ಟೇ. ಬೆಳಗ್ಗೆ 6ರಿಂದ ರಾತ್ರಿ 12ರವರೆಗೆ ಮೈಮೇಲೆ ಇರಬೇಕು, ಒಲೆಯ ಮುಂದೆ ಬಗ್ಗಿದರೂ ಚುಚ್ಚಬಾರದು, ಯಾರಿಗೂ ಕಾಣಬಾರದು, ಬೇಕಾದಾಗ ಕೈಕೊಡಬಾರದು. ಬಳಸಿದವರು ಹೇಳಿ, ಯೂಟ್ಯೂಬ್ ನೋಡಿ ಹೇಳಬೇಡಿ. ಅದನ್ನು ನಾನೂ ನೋಡಿದ್ದೇನೆ.

ಕೊನೇ ಲೋಕಲ್ (ಮೀರಾ ರೋಡ್)

ಅಣ್ಣ, ನಾನು 11 ವರ್ಷದಿಂದ ಕಾನ್ಪುರದ .32 ರಿವಾಲ್ವರನ್ನೇ ಇಟ್ಟುಕೊಂಡಿದ್ದೇನೆ. ನನ್ನ ಮಾತು ಒಂದೇ: ರಿವಾಲ್ವರ್ ತಗೊಳ್ಳಿ.

ಕಾರಣ ಕೇಳಿ. ಒಂದು ಕಾಡತೂಸು ಸಿಡಿಯದೆ ಹೋದರೆ ರಿವಾಲ್ವರಿನಲ್ಲಿ ಮತ್ತೆ ಟ್ರಿಗರ್ ಎಳೆದರೆ ಸಾಕು, ಮುಂದಿನದು ತಾನೇ ಬರುತ್ತದೆ. ಪಿಸ್ತೂಲಿನಲ್ಲಿ ಹಾಗಲ್ಲ, ಮೇಲ್ಭಾಗದ ಜಾರುವ ಸ್ಲೈಡ್ ಎಳೆದು ಹಾಳಾದದ್ದನ್ನು ಹೊರಗೆ ಹಾಕಿ ಹೊಸದನ್ನು ಒಳಗೆ ತರಬೇಕು, ಅದಕ್ಕೆ ಎರಡು ಕೈ ಬೇಕು, ಕೈ ನಡುಗುತ್ತಿರುವಾಗ ಅದೆಲ್ಲ ನೆನಪಾಗಬೇಕು ಅಂದರೆ ನೂರಾರು ಸಲ ಮಾಡಿರಬೇಕು. ಪಿಸ್ತೂಲು ಹಿಡಿಯುವ ಕೈ ಸಡಿಲ ಇದ್ದರೂ ಸಿಕ್ಕಿಹಾಕಿಕೊಳ್ಳುತ್ತದೆ. ನನ್ನ ಸ್ನೇಹಿತರೊಬ್ಬರು ಪಿಸ್ತೂಲಿಗೆ ಜೇಬಿನ ನೂಲು, ಧೂಳು ಎಲ್ಲ ತುಂಬಿಸಿಕೊಂಡು ವರ್ಷಗಟ್ಟಲೆ ಮುಟ್ಟದೆ ಇಟ್ಟಿದ್ದರು. ಗುರಿ ಅಭ್ಯಾಸದ ರೇಂಜಿಗೆ ಒಯ್ದಾಗ ಎರಡನೇ ಗುಂಡಿಗೇ ನಿಂತಿತು. ಪಿಸ್ತೂಲಿನ ತಪ್ಪು ಅನ್ನಲಾರೆ, ಆದರೆ ನಾವೆಲ್ಲ ಹಾಗೇ ಇಡುವವರು ಅಲ್ವಾ?

ರಿವಾಲ್ವರಿನ ತೊಂದರೆ ಅಂದರೆ ಕಾಡತೂಸು ತುಂಬುವ ತಿರುಗುವ ಸಿಲಿಂಡರು ದಪ್ಪ, ಸೊಂಟದಲ್ಲಿ ಉಬ್ಬುತ್ತದೆ. ಸುಮಾರು 700 ಗ್ರಾಂ ತೂಕ, 3 ಇಂಚಿನ ನಳಿಗೆ. ಟ್ರಿಗರು ಗಟ್ಟಿ, ಅಭ್ಯಾಸ ಇಲ್ಲದಿದ್ದರೆ ಎಳೆಯುವಾಗಲೇ ಗುರಿ ಪಕ್ಕಕ್ಕೆ ಹೋಗುತ್ತದೆ. ಹಗುರ ಬೇಕು ಅಂದರೆ ನಿರ್ಭೀಕ್ ಇದೆ, 2014ರಲ್ಲಿ ಹೆಂಗಸರಿಗೆ ಅಂತ ಬಿಟ್ಟಿದ್ದು, 500 ಗ್ರಾಂ. ಆಗಲೇ 1,22,360 ರೂಪಾಯಿ ಇತ್ತು. 2023ರಲ್ಲಿ ಪ್ರಬಲ್ ಅಂತ ಬಂತು, ಅದರ ಸಿಲಿಂಡರು ಪಕ್ಕಕ್ಕೆ ತೆರೆಯುತ್ತದೆ, ಹಳೇದರ ಹಾಗೆ ನಳಿಗೆಯನ್ನು ನಡುವೆ ಮಡಚಿ ತೆರೆಯಬೇಕಿಲ್ಲ. 50 ಮೀಟರ್ ದೂರ ಹೋಗುತ್ತದೆ ಅಂತ ಜಾಹೀರಾತು. ನಿಮಗೆ 5 ಮೀಟರ್ ಸಾಕು, ಆ ಲೆಕ್ಕಕ್ಕೆ ಮರುಳಾಗಬೇಡಿ. .22ರ ನಿಡರ್ ತುಂಬಾ ಹಗುರ, ಆದರೆ .22ಕ್ಕೆ ಮದ್ದು ಅಂಚಿನಲ್ಲಿ ಇರುತ್ತದೆ, ಸಿಡಿಯದೆ ಕೂರುವುದು .32ಕ್ಕಿಂತ ಜಾಸ್ತಿ.

9 ಎಂಎಂ ಆಸೆ ಇದ್ದರೆ ಬಿಡಿ, ಅದು ನಿಷೇಧಿತ ಬೋರು, ಅಂದರೆ ನಮ್ಮಂಥವರಿಗೆ ಲೈಸೆನ್ಸ್ ಸಿಗದ ಅಳತೆ. ಕೊಳ್ಳುವ ಮುಂಚೆ ಜಿಎಸ್‌ಟಿ ಸೇರಿಸಿ ರೇಟು ಕೇಳಿ, ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ.

ಇನ್ನೊಂದು, ಇದನ್ನು ಯಾವ ಅಂಗಡಿಯವನೂ ಹೇಳಲ್ಲ. ಶೌಚಾಲಯ. ಬೆಲ್ಟು ಬಿಚ್ಚಿದರೆ ಹೋಲ್ಸ್ಟರ್ (ಬಂದೂಕಿನ ಒರೆ) ಎಲ್ಲಿ ಇಡುತ್ತೀರಿ? ನಾನು ಒಂದು ಸಲ ಮದುವೆ ಹಾಲಿನಲ್ಲಿ ಬಾಗಿಲಿನ ಕೊಕ್ಕೆಗೆ ನೇತುಹಾಕಿ ಮರೆತು ಬಂದೆ. ನೆನಪಾಗಿ ಓಡಿದಾಗ ಅಲ್ಲೇ ಇತ್ತು, ದೇವರು ದೊಡ್ಡವನು. ಅವತ್ತಿನಿಂದ ಕುಳಿತಾಗ ಬಿಚ್ಚಿದ ಪ್ಯಾಂಟಿನ ಮಡಿಕೆಯೊಳಗೇ, ಕಣ್ಣಿಗೆ ಕಾಣುವ ಹಾಗೆ. ನಗಬೇಡಿ.

ಖಡ್ಕಿ ಅಜ್ಜ

ನಾನು ಧಾರವಾಡದವ, ಖಡ್ಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ಇದ್ದು ನಿವೃತ್ತಿಯಾದವ. 1869ರಿಂದ ಇರುವ ಕಾರ್ಖಾನೆ ಅದು. ಎಲ್ಲರೂ ಬಂದೂಕಿನ ಬಗ್ಗೆ ಜಗಳ ಆಡುತ್ತಾರೆ, ಕಾಡತೂಸಿನ ಬಗ್ಗೆ ಯಾರೂ ಕೇಳುವುದಿಲ್ಲ. ಕೈಕೊಡುವುದು ಎಷ್ಟೋ ಸಲ ಅದೇ ನೋಡ್ರಿ.

ಮೊದಲನೇದು, ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಬೇರೆ. ರಿವಾಲ್ವರಿನದು ಉದ್ದ, ಬುಡದಲ್ಲಿ ಅಗಲವಾದ ಅಂಚು. ಪಿಸ್ತೂಲಿನದು ಗಿಡ್ಡ, ಒತ್ತಡ ಜಾಸ್ತಿ. ಪಿಸ್ತೂಲಿನದು ಕೆಲವು ರಿವಾಲ್ವರಿನೊಳಗೆ ಹೋಗಿ ಕೂರುತ್ತದೆ ಕೂಡ, ಅದೇ ಅಪಾಯ. ಎರಡಕ್ಕೂ ಬಾಯಲ್ಲಿ "ಪಾಯಿಂಟ್ ತರ್ಟಿಟೂ" ಅನ್ನುತ್ತಾರೆ. ಡಬ್ಬಿ ಮೇಲೆ ಏನಿದೆ, ಕಾಡತೂಸಿನ ಬುಡದಲ್ಲಿ ಏನು ಕೊರೆದಿದೆ, ಓದಿಯೇ ತಗೋಬೇಕು.

ಎರಡನೇದು ಎಣ್ಣೆ. ತುಕ್ಕು ಹಿಡಿಯಬಾರದು ಅಂತ ಸ್ಪ್ರೇ ಹೊಡೆದು ಹೊಡೆದು ಸಿಲಿಂಡರನ್ನು ತೋಯಿಸಿ ಅದರಲ್ಲೇ ಕಾಡತೂಸು ತುಂಬಿಸಿ ತಿಂಗಳುಗಟ್ಟಲೆ ಇಡುವವರಿದ್ದಾರೆ. ಆ ಎಣ್ಣೆ ಮೆಲ್ಲಗೆ ಕಾಡತೂಸಿನ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿನ ಸುತ್ತ ಇಳಿದು ಮದ್ದು ಸತ್ತುಹೋಗುತ್ತದೆ. ಹೊರಗಿನಿಂದ ನೋಡಿದರೆ ಹೊಳೆಯುತ್ತಲೇ ಇರುತ್ತದೆ. ಸಿಲಿಂಡರಿನ ಒಳಗೆ ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆಯ ಪಸೆ ಹೊರಗೆ ಮಾತ್ರ ಇರಲಿ.

ಮೂರನೇದು ಚರ್ಮ. ರಾತ್ರಿ ಮನೆಗೆ ಬಂದು ಹೋಲ್ಸ್ಟರ್ ಸಮೇತ ಕಪಾಟಿನಲ್ಲಿ ಇಡಬೇಡಿ. ಚರ್ಮ ಬೆವರನ್ನು ಕುಡಿದಿರುತ್ತದೆ, ಹದ ಮಾಡುವಾಗಿನ ಉಪ್ಪೂ ಇರುತ್ತದೆ. ಹಿತ್ತಾಳೆ ಹಸಿರಾಗುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ನೀವಂತೂ ಒಲೆ ಮುಂದೆ ನಿಲ್ಲುವವರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರ ಹವೆಯೂ ಒದ್ದೆ. ದಿನಾ ಹೊತ್ತು ತಿರುಗಿದ ಆರು ಕಾಡತೂಸನ್ನು ವರ್ಷಕ್ಕೊಮ್ಮೆ ರೇಂಜಿನಲ್ಲಿ ಹೊಡೆದು ಮುಗಿಸಿ, ಹೊಸದು ತುಂಬಿ. ದುಬಾರಿ ಅಂತ ಅಂಜಿ ಹತ್ತು ವರ್ಷದ ಹಳೇದನ್ನೇ ಹೊತ್ತವರನ್ನು ನಾನು ನೋಡಿದ್ದೇನೆ.

ಮಾವನವರ ವೆಬ್ಲಿ ಬಗ್ಗೆ. ಒಳ್ಳೆಯ ಸಾಮಾನೇ, ಇಲ್ಲ ಅನ್ನುವುದಿಲ್ಲ. 80ರ ದಶಕದಿಂದ ಆಮದು ನಿಂತಿರುವುದರಿಂದ ಆ ರೇಟು, ಗುಣಕ್ಕೆ ಮಾತ್ರ ಅಲ್ಲ. ಕಾನ್ಪುರದ್ದೂ ಅದೇ ವೆಬ್ಲಿ ಅಚ್ಚಿನಿಂದ ಬಂದದ್ದು. ಹಳೇದನ್ನು ಲೈಸೆನ್ಸ್ ಇರುವ ಮೆಕ್ಯಾನಿಕ್‌ಗೆ ತೋರಿಸಿ: ಹ್ಯಾಮರ್ (ಪ್ರೈಮರಿಗೆ ಬಡಿಯುವ ಸುತ್ತಿಗೆ) ಎತ್ತಿದಾಗ ಸಿಲಿಂಡರು ಅಲುಗಾಡುತ್ತದೆಯೇ, ನಳಿಗೆಗೂ ಅದಕ್ಕೂ ಸರಿಯಾಗಿ ಕೂರುತ್ತದೆಯೇ, ಬಿದ್ದರೆ ಹ್ಯಾಮರ್ ಪ್ರೈಮರಿಗೆ ತಾಗದಂತೆ ಒಳಗೆ ತಡೆ ಇದೆಯೇ. ಹಳೇ ಕಾಲದ ಹಲವು ರಿವಾಲ್ವರಿಗೆ ಆ ತಡೆ ಇಲ್ಲ. ಅಂಥದ್ದಾದರೆ ಸಿಲಿಂಡರಿನಲ್ಲಿ ಹ್ಯಾಮರಿನ ಎದುರಿನ ಗೂಡು ಖಾಲಿ ಬಿಟ್ಟು ಐದೇ ತುಂಬಬೇಕು.

ವಾಸ್ಕೋ ವಕೀಲೆ

ಅಜ್ಜ ಹೇಳಿದ ಕೊನೇ ಮಾತಿಗೆ ಒಂದು ನೆನಪು. 2024ರ ಅಕ್ಟೋಬರ್ 1ರಂದು ನಟ ಗೋವಿಂದ ಅವರ ಕಾಲಿಗೆ ಅವರದೇ ಲೈಸೆನ್ಸ್ ರಿವಾಲ್ವರಿನಿಂದ ಗುಂಡು ತಗುಲಿತಲ್ಲ, ಮುಂಬೈ ಮನೆಯಲ್ಲಿ, ಬೆಳಗಿನ ಜಾವ. ಕೈಜಾರಿ ಬಿದ್ದದ್ದು ಅಂತ ಸುದ್ದಿ. ಹಳೇ ರಿವಾಲ್ವರ್ ಹೊರುವವರು ಅದನ್ನು ತಮಾಷೆ ಅಂದುಕೊಳ್ಳಬೇಡಿ.

ಕಾನೂನಿನ ಮಾತು ಸ್ವಲ್ಪ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಹೊರಗೆ ಕಾಣದಂತೆ ಇಡುವುದು ನಿಮ್ಮ ಇಷ್ಟ ಅಲ್ಲ, 2016ರ ಶಸ್ತ್ರಾಸ್ತ್ರ ನಿಯಮವೇ ಅದನ್ನು ಕೇಳುತ್ತದೆ. ಸಾರ್ವಜನಿಕ ಜಾಗದಲ್ಲಿ ಮೈಗೆ ಕಟ್ಟಿದ ಹೋಲ್ಸ್ಟರಿನಲ್ಲೋ ಅಂಥ ಚೀಲದಲ್ಲೋ ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲೇ ಇರಬೇಕು. ತೆಗೆದು ತೋರಿಸಿ ಹೆದರಿಸುವುದು ಅಪರಾಧ. ಹೋಟೆಲಿನಲ್ಲಿ ಬಿಲ್ಲಿಗೆ ಜಗಳ ಮಾಡುವವನ ಮುಂದೆ ಅಂಗಿ ಎತ್ತಿ ತೋರಿಸಿದರೂ ಲೈಸೆನ್ಸ್ ಹೋಗಬಹುದು.

ಗೋವಾಕ್ಕೋ ಊರಿಗೋ ಬರುವ ಮುನ್ನ ಲೈಸೆನ್ಸಿನಲ್ಲಿ ಯಾವ ಪ್ರದೇಶ ಬರೆದಿದೆ ನೋಡಿ. ಮಹಾರಾಷ್ಟ್ರ ಮಾತ್ರ ಅಂತ ಇದ್ದರೆ ಕಾರ್ಕಳದ ಜಾತ್ರೆಗೆ ಸೊಂಟದಲ್ಲಿಟ್ಟುಕೊಂಡು ಹೋಗುವ ಹಾಗಿಲ್ಲ. ಚುನಾವಣೆ ಬಂದರೆ ಠಾಣೆಯಲ್ಲಿ ಜಮಾ ಮಾಡಲು ನೋಟಿಸು ಬರಬಹುದು, ರಶೀದಿ ಜೋಪಾನ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ 5 ವರ್ಷ ನಡೆಯುತ್ತದೆ, ಒಬ್ಬರಿಗೆ ಎರಡೇ ಬಂದೂಕು.

ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಮುಖ್ಯವಾಗಿ ಪ್ರಾಣಕ್ಕೆ ಹೆದರಿಕೆ ಇರುವಾಗ ನೆರವಿಗೆ ಬರುವ ಹಕ್ಕು, ಕಳ್ಳ ಚೀಲ ಹಿಡಿದು ಓಡಿಹೋಗುವಾಗ ಹಿಂದಿನಿಂದ ಹೊಡೆದರೆ ನಿಮ್ಮನ್ನು ಕಾಪಾಡುತ್ತದೆ ಅಂತ ನಂಬಬೇಡಿ. ಚೀಲ ಹೋಗಲಿ.

ಕೋವಿಮನೆ (ಔಂಧ್, ಪುಣೆ)

ಮಡಿಕೇರಿ ಕಡೆಯವನು. ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡುತ್ತೇವೆ. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆ, ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೂ ಪುಣೆಯಲ್ಲಿ ನಾನು ಏನೂ ಇಟ್ಟುಕೊಂಡಿಲ್ಲ. ಬಂದೂಕಿನ ಜೊತೆ ಬೆಳೆದವರಿಗೆ ಅದರ ಹೆದರಿಕೆ ಜಾಸ್ತಿ ಇರುತ್ತದೆ ಅನ್ನಿಸುತ್ತದೆ.

ಸರ್, ಒಂದು ನೇರ ಪ್ರಶ್ನೆ. ಅವತ್ತು ರಾತ್ರಿ ಹಿಂದಿನಿಂದ ಒದ್ದರು, ಬಿದ್ದಿರಿ, ಮೊಣಕೈ ಮುರಿಯಿತು. ಯಾವ ಕೈ? ಬಲಗೈ ಆಗಿದ್ದರೆ ಸೊಂಟದಲ್ಲಿ ಏನಿದ್ದರೂ ಅವರಿಗೆ ಚೀಲದ ಜೊತೆ ಅದೂ ಸಿಗುತ್ತಿತ್ತು. ಮೊದಲು ದಾರಿ ಬದಲಿಸಿ, ಹೊತ್ತು ಬದಲಿಸಿ, ದುಡ್ಡು ಹೊರುವವನು ಒಬ್ಬನೇ ಇರಬಾರದು.

ಅದಾದ ಮೇಲೂ ಬೇಕು ಅಂದರೆ ಬಂದೂಕಿನ ಬೆಲೆಯಷ್ಟೇ ಕಲಿಯುವುದಕ್ಕೂ ಎತ್ತಿಡಿ. ಬಾಲೇವಾಡಿಯಲ್ಲಿ ಶೂಟಿಂಗ್ ರೇಂಜ್ ಇದೆ, ಮುಂಬೈಯವರಿಗೆ ವರ್ಲಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನದು. ಏರ್ ಪಿಸ್ತೂಲಿನಿಂದಲೇ ಶುರು ಮಾಡಿ, 10 ಮೀಟರ್, ಟ್ರಿಗರ್ ಎಳೆಯುವ ಬೆರಳು ಮಾತ್ರ ಅಲುಗಾಡಬೇಕು, ಉಳಿದ ಕೈ ಕಲ್ಲು. ಮನೆಯಲ್ಲಿ ಖಾಲಿ ರಿವಾಲ್ವರ್, ಕಾಡತೂಸು ಬೇರೆ ಕೋಣೆಯಲ್ಲಿ, ಹೋಲ್ಸ್ಟರಿನಿಂದ ಅಂಗಿ ಎತ್ತಿ ತೆಗೆಯುವುದನ್ನೇ ದಿನಕ್ಕೆ ಹತ್ತು ಸಲ. ಅಂಗಿ ಸಿಕ್ಕಿಕೊಳ್ಳುತ್ತದೆ. ಎಲ್ಲರಿಗೂ ಸಿಕ್ಕಿಕೊಳ್ಳುತ್ತದೆ. ಹೋಲ್ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿಯದು ಇರಲಿ, ಮೆತ್ತಗಿನ ಬಟ್ಟೆಯದು ಬೇಡ. ಬೆಲ್ಟೂ ದಪ್ಪದ್ದು ಬೇಕು, ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಪ್ಯಾಂಟು ಒಂದು ಕಡೆ ಇಳಿದಿರುತ್ತದೆ.

ಕೊನೇ ಲೋಕಲ್ (ಮೀರಾ ರೋಡ್)

ಕೋವಿಮನೆಯವರು ಹೇಳಿದ್ದು ಸರಿ, ನಾನೂ ಮೊದಲ ವರ್ಷ ಸುಮ್ನೆ ಹೊತ್ತೆ, ಒಂದು ಗುಂಡೂ ಹೊಡೆದಿರಲಿಲ್ಲ. ಮತ್ತೆ, ನಿಮ್ಮದು ಬಾರ್ ಆಗಿದ್ದರೆ, ಒಂದು ಪೆಗ್ ಹಾಕುವ ದಿನ ಅದು ಲಾಕರಿನಲ್ಲೇ ಇರಲಿ.

ಗಲ್ಲಾಪೆಟ್ಟಿಗೆ (ಚಿಂಚವಡ, ಪುಣೆ)

ಎಲ್ಲರಿಗೂ ಥ್ಯಾಂಕ್ಸ್. ಬಾರ್ ಅಲ್ಲ ಮಾರಾಯ್ರೇ, ಇಡ್ಲಿ ದೋಸೆ ಹೋಟೆಲು. ಮುರಿದದ್ದು ಬಲಗೈಯೇ. ಆ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಗಿರಾಕಿಗಳು ಮುಕ್ಕಾಲು ಪಾಲು ಫೋನಿನಲ್ಲೇ ದುಡ್ಡು ಹಾಕುತ್ತಾರೆ ಈಗ, ರಾತ್ರಿ ಚೀಲದಲ್ಲಿ ಮೊದಲಿನಷ್ಟು ಇರುವುದೂ ಇಲ್ಲ. ಮಿಕ್ಕಿದ್ದನ್ನು ಮಧ್ಯಾಹ್ನವೇ ಬ್ಯಾಂಕಿಗೆ ಕಟ್ಟಲು ತಮ್ಮನಿಗೆ ಹೇಳಿದ್ದೇನೆ. ಭಾನುವಾರ ಬಾಲೇವಾಡಿಗೆ ಹೋಗಿ ವಿಚಾರಿಸುತ್ತೇನೆ. ಎರಡು ಮೂರು ತಿಂಗಳು ಕೈ ಪಳಗಿದ ಮೇಲೆ ಕಾನ್ಪುರದ .32 ರಿವಾಲ್ವರ್, ಬಹುಶಃ ಪ್ರಬಲ್, ಅಂಗಡಿಯಲ್ಲಿ ಹಳೇ ಮಾದರಿ, ಪ್ರಬಲ್ ಎರಡನ್ನೂ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುತ್ತೇನೆ. ಅಜ್ಜ, ಮೆಕ್ಯಾನಿಕ್ ಯಾರಾದರೂ ಗೊತ್ತಿದ್ದರೆ ಖಾಸಗಿಯಾಗಿ ತಿಳಿಸಿ.

ವೆಬ್ಲಿ ಬೇಡ ಅಂತ ಮಾವನಿಗೆ ಹೇಗೆ ಹೇಳುವುದು, ಅದೊಂದು ಮಾತ್ರ ಹೊಳೆಯುತ್ತಿಲ್ಲ. ದೀಪಾವಳಿಗೆ ಬರ್ತಾರೆ.