ಹಳೇ 800ರಲ್ಲಿ ಕುಂಯ್ ಸದ್ದು, ಬೆಲ್ಟ್ ಬದಲಿಸಿದರೂ ಹೋಗಿಲ್ಲ

ತುಮಕೂರು_800:
ನನ್ನದು 2004ರ ಮಾರುತಿ 800. ಓಡಿಸುವಾಗ ಒಂದೇ ಸಮನೆ ಕುಂಯ್ ಅನ್ನುತ್ತದೆ. ವೇಗ ಏರಿದಂತೆ ಸದ್ದೂ ಏರುತ್ತದೆ. ಹೊಸ ಫ್ಯಾನ್ ಬೆಲ್ಟ್ ಹಾಕಿಸಿದೆ, ಹೋಗಲಿಲ್ಲ. ಇಬ್ಬರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. "ಹಳೇ ಗಾಡಿ, ಇಷ್ಟೇ" ಅಂದರು. ಅಪ್ಪ ಕೊಂಡ ಗಾಡಿ ಇದು, ಮಾರುವ ಮಾತೇ ಇಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಗ್ರೀಸ್ ಕೈ:
ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬೇರಿಂಗ್. ಅನುಮಾನವೇ ಇಲ್ಲ. ಬೆಲ್ಟ್ ಕಳಚಿ ಅರ್ಧ ನಿಮಿಷ ಎಂಜಿನ್ ಓಡಿಸಿ, ಸದ್ದು ನಿಂತರೆ ಅದೇ. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ, ಜಾಸ್ತಿ ಹೊತ್ತು ಓಡಿಸಬೇಡಿ.

ಘಾಟಿ ಚಾಲಕ:
ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೆ ಸದ್ದು ಬರುತ್ತದೆಯಾ? ಮೊದಲು ಇದು ಗೊತ್ತಾಗಬೇಕು. ಎಂಜಿನ್ ಜೊತೆ ಏರುವ ಸದ್ದು ಬೇರೆ, ಚಕ್ರದ ಜೊತೆ ಏರುವ ಸದ್ದು ಬೇರೆ.

ತುಮಕೂರು_800:
ನಿಂತಾಗ ಸದ್ದೇ ಇಲ್ಲ. ಓಡಿಸುವಾಗ ಅಂತ ಬರೆದಿದ್ದೆನಲ್ಲ. ಹಾಗಾಗಿ ಬೆಲ್ಟ್ ಕಳಚಿದಾಗಲೂ ಏನೂ ಗೊತ್ತಾಗಲಿಲ್ಲ.

ಗ್ರೀಸ್ ಕೈ:
ನಿಂತಾಗ ಆಲ್ಟರ್ನೇಟರ್ ಮೇಲೆ ಹೆಚ್ಚು ಲೋಡ್ ಇಲ್ಲದಿರಬಹುದು. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ ರೇಸ್ ಮಾಡಿ. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 13.8ರಿಂದ 14.4 ವೋಲ್ಟ್ ತೋರಿಸಬೇಕು. ಆಲ್ಟರ್ನೇಟರ್ ಒಳಗಿನ ಡಯೋಡ್ ಹೋದರೂ ಕುಂಯ್ ಅನ್ನುತ್ತದೆ.

ನಾಲ್ಕು ಗೇರ್:
ನನ್ನದು 1989ರ 800, ಕಾರ್ಬುರೇಟರ್, ನಾಲ್ಕೇ ಗೇರು. ಇವತ್ತಿಗೂ ಚಾರ್ಮಾಡಿ ಹತ್ತುತ್ತದೆ. ನೆಲಕ್ಕೆ, ಬಾಗಿಲಿಗೆ ಎಲ್ಲ ಸದ್ದು ತಡೆಯುವ ಫೆಲ್ಟ್ ಹಾಕಿದ್ದೇನೆ. ಒಳಗೆ ಪಿಸುಮಾತೂ ಕೇಳುತ್ತದೆ. ಫೋಟೋ ಹಾಕಲಾ?

ಘಾಟಿ ಚಾಲಕ:
ಆಮೇಲೆ ಹಾಕಿ ಸಾರ್. ತುಮಕೂರಿನವರೇ, 50ರಲ್ಲಿ ಹೋಗುವಾಗ ಆಕ್ಸಿಲರೇಟರ್‌ನಿಂದ ಕಾಲು ಎತ್ತಿ ನೋಡಿ. ತಿರುವಿನಲ್ಲೂ ಕಿವಿ ಕೊಡಿ. ವೀಲ್ ಬೇರಿಂಗ್ ಆದರೆ ಒಂದು ಕಡೆ ತಿರುಗುವಾಗ ಸದ್ದು ಹೆಚ್ಚುತ್ತದೆ.

ತುಮಕೂರು_800:
ಶಿರಾ ರಸ್ತೆಯಲ್ಲಿ ಓಡಿಸಿ ನೋಡಿದೆ. ತಿರುವಿನಲ್ಲಿ ವ್ಯತ್ಯಾಸ ಇಲ್ಲ. ಕಾಲು ಎತ್ತಿದರೆ ಸದ್ದು ತಟ್ಟನೆ ಇಳಿಯುತ್ತದೆ, ಒತ್ತಿದರೆ ಮತ್ತೆ ಶುರು. 5ನೇ ಗೇರಿನಲ್ಲಿ ಜಾಸ್ತಿ. ಎರಡು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಬದಲಿಸಿದ ಮೇಲೆ ಬಂದದ್ದು ಇದು. ಕ್ಲಚ್‌ಗೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡು ಬರೆದಿರಲಿಲ್ಲ.

ಘಾಟಿ ಚಾಲಕ:
ಇದೇ ಬೇಕಿದ್ದದ್ದು! ಕ್ಲಚ್ ಹಾಕಲು ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೆ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟ್ ಎಳೆಯಬೇಕು. ಆಗ ಗೇರ್‌ಬಾಕ್ಸಿನ ಆಯಿಲ್ ಸುರಿದುಹೋಗುತ್ತದೆ. ವಾಪಸ್ ಪೂರ್ತಿ ತುಂಬಿದರಾ? 5ನೇ ಗೇರ್ ಇರುವುದು ತುದಿಯ ಕವರ್ ಒಳಗೆ, ಆಯಿಲ್ ಕಡಿಮೆಯಾದರೆ ಪೆಟ್ಟು ಮೊದಲು ಅದಕ್ಕೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಗೇರ್‌ಬಾಕ್ಸಿಗೆ ಆಯಿಲ್ ತುಂಬುವ ಫಿಲ್ಲರ್ ಬೋಲ್ಟ್ ಬಿಚ್ಚಿ. ಆಯಿಲ್ ತೂತಿನ ಅಂಚಿನವರೆಗೆ ಇರಬೇಕು. ಶಾಫ್ಟ್ ಸೇರುವಲ್ಲಿ ಆಯಿಲ್ ತಡೆಯುವ ಸೀಲ್ ಒದ್ದೆಯಾಗಿದೆಯಾ ಅಂತ ಬೆರಳಾಡಿಸಿ. ಅಲ್ಲಿಯವರೆಗೆ ಹೈವೇ ಬೇಡ.

ನಾಲ್ಕು ಗೇರ್:
ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕಿಸಿ. ಜಿಎಲ್-4ಕ್ಕಿಂತ ಮೇಲಿನದು.

ಗ್ರೀಸ್ ಕೈ:
ಬೇಡವೇ ಬೇಡ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳನ್ನು ತಿನ್ನಬಹುದು. ಜಿಎಲ್-4, 75ಡಬ್ಲ್ಯು-90 (ಆಯಿಲಿನ ದಪ್ಪದ ಗುರುತು) ಹಾಕಿ.

ನಾಲ್ಕು ಗೇರ್:
ಆರು ವರ್ಷದಿಂದ ಹಾಕುತ್ತಿದ್ದೇನೆ, ಏನೂ ಆಗಿಲ್ಲ.

ಗ್ರೀಸ್ ಕೈ:
ಬಿಚ್ಚಿ ನೋಡಿದ್ದೀರಾ? ಇರಲಿ. ತುಮಕೂರಿನವರು ಆಲ್ಟರ್ನೇಟರನ್ನೂ ಒಮ್ಮೆ ತೋರಿಸಿಬಿಡಿ.

ನಾಲ್ಕು ಗೇರ್:
ಬಿಚ್ಚುವ ಅಗತ್ಯವೇ ಬಂದಿಲ್ಲ ಸ್ವಾಮಿ. ಮೂರನೇ ಗೇರು ಬೆಣ್ಣೆಯ ಹಾಗೆ ಬೀಳುತ್ತದೆ.

ತುಮಕೂರು_800:
ಬೋಲ್ಟ್ ಬಿಚ್ಚಿದೆ, ಒಂದು ತೊಟ್ಟೂ ಬರಲಿಲ್ಲ. ಬೆರಳು ಒಳಗೆ ಹಾಕಿ ಮಡಚಿದೆ, ಆಯಿಲ್ ತಾಗಲೇ ಇಲ್ಲ. ಎಡಗಡೆ ಸೀಲ್ ಒದ್ದೆ. ಜಿಎಲ್-4 ಸುರಿದೆ, ಒಂದು ಲೀಟರ್‌ಗಿಂತ ಜಾಸ್ತಿ ಹಿಡಿಯಿತು. ಎರಡು ತಿಂಗಳು ಹೀಗೇ ಓಡಿಸಿದೆನಲ್ಲ ಅಂತ ಹೊಟ್ಟೆ ಉರಿಯುತ್ತಿದೆ. ಈಗ ನಾಲ್ಕು ಗೇರುಗಳಲ್ಲಿ ಸದ್ದಿಲ್ಲ. 5ರಲ್ಲಿ ಇನ್ನೂ ಸಣ್ಣಗೆ ಕುಂಯ್ ಅನ್ನುತ್ತದೆ. ಸವೆದುಹೋಯಿತಾ?

ಘಾಟಿ ಚಾಲಕ:
ಮೊದಲು ಸೀಲ್ ಬದಲಿಸಿ. 200 ಕಿ.ಮೀ. ಓಡಿಸಿ ಆಯಿಲ್ ಇಳಿಸಿ, ಅದರೊಳಗೆ ಆಯಸ್ಕಾಂತ ಆಡಿಸಿ. ಕಬ್ಬಿಣದ ಚೂರು ಸಿಕ್ಕರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಬರೀ ನುಣ್ಣನೆ ಪುಡಿಯಾದರೆ ಹೊಸ ಆಯಿಲ್ ತುಂಬಿ ಓಡಿಸಿ ನೋಡೋಣ. ಇಳಿಸಿದ ದಿನ ಫೋಟೋ ಹಾಕಿ.