ಗಂಟು ಬೆಳೆದಿದೆಯೇ, ಚಿತ್ರ ಹಿಗ್ಗಿದೆಯೇ?

ಮಂಡ್ಯದ ಮಗಳು:
ಅಮ್ಮನ ಥೈರಾಯ್ಡ್‌ನಲ್ಲಿ ಒಂದು ಗಂಟಿದೆ. ಮಂಡ್ಯದಲ್ಲಿ ಮಾಡಿಸಿದ ಅಲ್ಟ್ರಾಸೌಂಡ್‌ನಲ್ಲಿ 2 ಸೆಂ.ಮೀ. ಎಂದಿತ್ತು. ಮೊನ್ನೆ ಮೈಸೂರಿನಲ್ಲಿ ಸ್ಕ್ಯಾನ್ ಮಾಡುವಾಗ ಮೊದಲು ಚಪ್ಪಟೆ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದರು. ಆಮೇಲೆ ಅದಕ್ಕೆ ಲಾಳಿಕೆಯಾಕಾರದ ಭಾರವಾದ ಮೂತಿ ಜೋಡಿಸಿ, ಕತ್ತಿನ ಹತ್ತಿರಕ್ಕೆ ತಂದು ಮತ್ತೊಂದು ತೆಗೆದರು. ಎರಡನೆಯದರಲ್ಲಿ ಗಂಟು ಕತ್ತನ್ನೇ ತುಂಬಿದಂತಿದೆ. ಅದನ್ನು ನೋಡಿದಾಗಿನಿಂದ ಅಮ್ಮನಿಗೆ ಊಟ ಸೇರುತ್ತಿಲ್ಲ. ಇಷ್ಟು ಬೇಗ ಬೆಳೆಯುತ್ತದೆಯೇ? ಎರಡು ಸಲ ತೆಗೆದದ್ದರಿಂದ ವಿಕಿರಣವೂ ದುಪ್ಪಟ್ಟಾಯಿತೇ? ವೈದ್ಯರು ಸಿಗುವುದು ಸೋಮವಾರ.

ಗಾಮಾ ಕ್ಯಾಮೆರಾ ತಂತ್ರಜ್ಞ, ಮೈಸೂರು:
ಮೊದಲು ಅಮ್ಮನಿಗೆ ಊಟ ಬಡಿಸಿ. ಆ ಲಾಳಿಕೆಯೇ ಪಿನ್‌ಹೋಲ್ ಕಾಲಿಮೇಟರ್, ಅಂದರೆ ಯಾವ ಕಿರಣ ಕ್ಯಾಮೆರಾದೊಳಗೆ ಬರಬೇಕೆಂದು ಆಯುವ ಮೂತಿ. ತುದಿಯಲ್ಲಿ ಕೆಲವೇ ಮಿಲಿಮೀಟರ್ ಅಗಲದ ಒಂದೇ ರಂಧ್ರ. ಹಂಚಿನ ಸಂದಿಯಿಂದ ಬಂದ ಬೆಳಕು ಕತ್ತಲೆ ಕೋಣೆಯ ಗೋಡೆಯ ಮೇಲೆ ಹೊರಗಿನ ಮರವನ್ನು ತಲೆಕೆಳಗಾಗಿ ಮೂಡಿಸುವಂತೆ, ಚುಚ್ಚುಮದ್ದಿನ ಔಷಧಿ ಸೂಸುವ ಗಾಮಾ ಕಿರಣಗಳು ಈ ರಂಧ್ರವನ್ನು ಹಾಯ್ದು ಗ್ರಂಥಿಯ ಚಿತ್ರ ಮೂಡಿಸುತ್ತವೆ. ರಂಧ್ರದಿಂದ ಒಳಗೆ ಕಿರಣ ಹಿಡಿಯುವ ಸ್ಫಟಿಕಕ್ಕೆ 20 ಸೆಂ.ಮೀ., ಗ್ರಂಥಿಗೆ 10 ಸೆಂ.ಮೀ. ಇದ್ದರೆ ಚಿತ್ರ ಎರಡು ಪಟ್ಟು. ಗ್ರಂಥಿ 8 ಸೆಂ.ಮೀ.ಗೆ ಬಂದರೆ ಎರಡೂವರೆ ಪಟ್ಟು. ಹಾಗಾಗಿ ಗಾತ್ರಕ್ಕೆ ಅಲ್ಟ್ರಾಸೌಂಡನ್ನೇ ನಂಬಿ. ಗಂಟು ಔಷಧಿಯನ್ನು ಹೀರಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ನಾವು ಹೀಗೆ ಹಿಗ್ಗಿಸುತ್ತೇವೆ. ಚಪ್ಪಟೆ ಕಾಲಿಮೇಟರ್‌ನಲ್ಲಿ ಸಣ್ಣ ಗಂಟು ಗ್ರಂಥಿಯ ಉಳಿದ ಭಾಗದೊಳಗೆ ಮರೆಯಾಗಿಬಿಡಬಹುದು.

ಕ್ಯಾಮೆರಾ ವಿಕಿರಣ ಸೂಸುವುದಿಲ್ಲ. ಚುಚ್ಚುಮದ್ದಿನಲ್ಲಿರುವ ವಿಕಿರಣಶೀಲ ಟೆಕ್ನೀಷಿಯಂ-99ಎಂ ಸೂಸಿದ್ದನ್ನು ಹಿಡಿಯುತ್ತದೆ, ಅಷ್ಟೆ. ಎಷ್ಟು ಚಿತ್ರ ತೆಗೆದರೂ ಪ್ರಮಾಣ ಅದೇ, ಅದೂ 6 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ರಂಧ್ರ ಸಣ್ಣದಾದ್ದರಿಂದ ಒಳಬರುವ ಕಿರಣ ಕಡಿಮೆ. ಅದಕ್ಕೇ ಭುಜದಡಿ ದಿಂಬಿಟ್ಟು, ಗಲ್ಲ ಮೇಲೆತ್ತಿಸಿ, ನಿಮಿಷಗಟ್ಟಲೆ ಅಲುಗಾಡಬೇಡಿ ಎನ್ನುತ್ತೇವೆ. ವಯಸ್ಸಾದವರಿಗೆ ಅದು ನಿಜಕ್ಕೂ ಕಷ್ಟ.

ಶ್ರೀರಂಗಪಟ್ಟಣದಿಂದ:
ಅಮ್ಮನಿಗೆ ಇತ್ತೀಚೆಗೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿದ್ದೀರಾ? ನನ್ನ ತಂಗಿಯ ಥೈರಾಯ್ಡ್ ಸ್ಕ್ಯಾನನ್ನು ಅದೇ ಕಾರಣಕ್ಕೆ ಮುಂದೂಡಿದರು. ಅದರಲ್ಲಿರುವ ಅಯೋಡಿನ್‌ನಿಂದ ಗ್ರಂಥಿ ಔಷಧಿಯನ್ನು ಸರಿಯಾಗಿ ಹೀರುವುದಿಲ್ಲವಂತೆ.

ಮಂಡ್ಯದ ಮಗಳು:
ಹೌದು, ಕಳೆದ ತಿಂಗಳು ಹೊಟ್ಟೆಯ ಸಿಟಿ ಆಗಿತ್ತು! ಸ್ಕ್ಯಾನ್ ದಿನ ಯಾರೂ ಕೇಳಲಿಲ್ಲ.

ಗಾಮಾ ಕ್ಯಾಮೆರಾ ತಂತ್ರಜ್ಞ, ಮೈಸೂರು:
ಕೇಳಲೇಬೇಕಿತ್ತು. ಸಿಟಿಯ ದಿನಾಂಕವಿರುವ ವರದಿ, ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಫಲಿತಾಂಶ, ಎರಡೂ ಚಿತ್ರಗಳನ್ನು ಸೋಮವಾರ ಒಯ್ಯಿರಿ. ಚಿತ್ರದಲ್ಲಿ ಮಂಕು ಎಂದರೆ ಔಷಧಿಯನ್ನು ಕಡಿಮೆ ಹೀರಿದೆ ಎಂದರ್ಥ; ಇಡೀ ಗ್ರಂಥಿಯೇ ಮಂಕಾಗಿದ್ದರೆ ಸಿಟಿಯೂ ಕಾರಣವಿರಬಹುದು. ಸ್ಕ್ಯಾನ್ ಮತ್ತೆ ಬೇಕೇ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಗಂಟಿನ ಜಾಗವೊಂದೇ ಮಂಕಾಗಿದ್ದರೆ ಸೂಜಿ ಪರೀಕ್ಷೆ ಹೇಳಬಹುದು. ಅಂತಹ ಗಂಟುಗಳಲ್ಲೂ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಇದನ್ನು ಅಮ್ಮನಿಗೆ ಇವತ್ತೇ ಹೇಳಿ.