ಗುಳ್ಳದ ಕಾಯಿಕೊರಕಕ್ಕೆ ಇಡೀ ಬೈಲಿಗೆ ಮೋಹಕ ಬಲೆ: ಗ್ರಾಮಸಭೆಯಲ್ಲಿ ಕೇಳಿದರೆ ಸಿಗಬಹುದಾ?

ಗದ್ದೆಬದಿ ಅಕ್ಕ, ಮಟ್ಟು

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ಮಟ್ಟುವಿನಲ್ಲಿ ನನ್ನದು ಮೂವತ್ತು ಸೆಂಟ್ಸ್ ಗುಳ್ಳ, ಅಂದರೆ ನಮ್ಮೂರ ಬದನೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಸಸಿ ಇಡುವುದು. ಅತ್ತೆಯ ಕಾಲದಿಂದಲೂ ಹೀಗೇ.

ಎರಡು ವರ್ಷದಿಂದ ಹುಳದ ಮದ್ದು ಬಿಡುವುದನ್ನು ನಿಲ್ಲಿಸಿದ್ದೇನೆ. ಒಂದು ದಿನ ಬೆಳಿಗ್ಗೆ ಮದ್ದು ಬಿಟ್ಟಿದ್ದೆವು. ಗೊತ್ತಿಲ್ಲದೆ ಮಗಳು ಸಂಜೆ ನಾಲ್ಕು ಗುಳ್ಳ ಕಿತ್ತು ತಂದಳು, ಹುಳಿಗೆ ಅಂತ. ತಿಳಿಹಸಿರು ಮೈ, ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು, ನೋಡಲು ಚಂದ ಇತ್ತು. ಹತ್ರ ಹಿಡಿದರೆ ಮದ್ದಿನ ವಾಸನೆ. ತೊಳೆದೆ, ಮತ್ತೆ ತೊಳೆದೆ, ಕೊನೆಗೆ ಗುಂಡಿ ತೋಡಿ ಹೂತೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅದೇ ಸಾಲಿನ ಗುಳ್ಳ ಮರುದಿನ ಪೇಟೆಗೆ ಹೋಗುವುದಿತ್ತು. ನನ್ನ ಮಗಳಿಗೆ ಬೇಡ ಅಂದದ್ದನ್ನು ಬೇರೆಯವರ ಮಕ್ಕಳಿಗೆ ಹೇಗೆ ಕೊಡಲಿ?

ಈಗ ತೊಂದರೆ ಕಾಯಿಕೊರಕದ್ದು. ಮೊದಲು ಕುಡಿ ಜೋತು ಬೀಳುತ್ತದೆ. ಬಿಸಿಲಿಗೆ ಬಾಡಿದ್ದಾದರೆ ಸಂಜೆ ಏಳಬೇಕು, ಇದು ಏಳುವುದಿಲ್ಲ. ಉಗುರಿನಲ್ಲಿ ಸೀಳಿದರೆ ಒಳಗೆ ನಸುಗೆಂಪು ಹುಳ ಇರುತ್ತದೆ. ಅಂಥ ಕುಡಿಗಳನ್ನೆಲ್ಲ ವಾರಕ್ಕೆರಡು ಸಲ ಚಿವುಟಿ ಸುಡುತ್ತೇನೆ. ಆರು ಮೋಹಕ ಬಲೆಯೂ ಕಟ್ಟಿದ್ದೇನೆ. ಬೆಳಿಗ್ಗೆ ಹೋದರೆ ಪತಂಗ ಬಿದ್ದಿರುತ್ತವೆ, ಬಿಳಿ ರೆಕ್ಕೆ, ಮೇಲೆ ಕಂದು ಮಚ್ಚೆ. ಆದರೂ ಕಾಯಿಯ ತೂತು ನಿಂತಿಲ್ಲ.

ಕಾರಣ ಆಮೇಲೆ ತಿಳಿಯಿತು. ಬಲೆಯಲ್ಲಿರುವುದು ಹೆಣ್ಣಿನ ವಾಸನೆ, ಅದಕ್ಕೆ ಬರುವುದು ಗಂಡು ಮಾತ್ರ. ಪಕ್ಕದ ಗದ್ದೆಯಲ್ಲಿ ಜೋಡಿಯಾದ ಹೆಣ್ಣು ಸೀದಾ ಹಾರಿ ಬಂದು ನನ್ನ ಗಿಡದಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ನಾನೊಬ್ಬಳೇ ಕಟ್ಟಿದರೆ ಸಾಲದು. ಇಡೀ ಬೈಲಿನವರು ಒಟ್ಟಿಗೆ ಕಟ್ಟಬೇಕು.

ಪಕ್ಕದವರು ಕೆಟ್ಟವರಲ್ಲ. ಸೊಸೈಟಿಯಲ್ಲಿ ಸಾಲ ಉಂಟು, ಹೆದರಿಕೆ ಉಂಟು. ಹುಳ ಕಾಯಿಯ ಒಳಗೆ ಸೇರಿದ ಮೇಲೆ ಮದ್ದು ತಾಗುವುದಿಲ್ಲ ಅಂತ ಅವರಿಗೂ ಗೊತ್ತು. ಆದರೂ ನಾಲ್ಕು ದಿನಕ್ಕೊಮ್ಮೆ ಬಿಡುತ್ತಾರೆ. ಮದ್ದಿನ ಬಾಟಲಿ ರಿಯಾಯಿತಿಯಲ್ಲಿ ಸಿಗುತ್ತದೆ. ಬಲೆ ಕೇಳಿದರೆ ನನಗೆ ಎರಡು ಸಲವೂ ಸಿಕ್ಕ ಉತ್ತರ ‘ಸ್ಟಾಕ್ ಇಲ್ಲ’.

ಇದನ್ನು ಪಂಚಾಯತ್ ದುಡ್ಡಲ್ಲಿ ಮಾಡಿಸಬಹುದಾ? ಗ್ರಾಮಸಭೆಯಲ್ಲಿ ಹೇಗೆ ಕೇಳಬೇಕು? ಮದ್ದು ನಿಲ್ಲಿಸಿ ಅಂತಲೂ ನಿರ್ಣಯ ಮಾಡಿಸೋಣ ಅಂತ ನನ್ನ ಮನಸ್ಸಲ್ಲಿದೆ. ಸರಿಯಾ?

ಹಳೇ ಮೆಂಬರ್, ಬ್ರಹ್ಮಾವರ

ಅಕ್ಕ, ನಾನು ಒಂದು ಅವಧಿ ಪಂಚಾಯತ್ ಸದಸ್ಯನಾಗಿದ್ದವ. ನೇರ ಗ್ರಾಮಸಭೆಗೆ ಹೋಗಬೇಡಿ. ಅಲ್ಲಿ ರಸ್ತೆ, ಬೀದಿದೀಪದ ಮಾತಿನಲ್ಲೇ ಮಧ್ಯಾಹ್ನವಾಗುತ್ತದೆ. ಮೊದಲು ವಾರ್ಡ್ ಸಭೆಯಲ್ಲಿ ಬರೆಸಿ. ಅಲ್ಲಿ ಬರೆಸಿದ್ದು ಗ್ರಾಮಸಭೆಗೆ ತಾನಾಗಿಯೇ ಬರಬೇಕು.

ದುಡ್ಡಿನ ವಿಷಯ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ದರು. ಉಳಿದ ಶೇ 40 ಊರಿನ ಅಗತ್ಯಕ್ಕೆ ಇತ್ತು. ಅಂಥ ಮುಕ್ತ ನಿಧಿಯಲ್ಲಿ ಕೇಳಿ. ‘ರೈತರಿಗೆ ಸಹಾಯ’ ಅಂತ ಸುಮ್ನೆ ಬರೆದರೆ ಮೂಲೆಗೆ ಹೋಗುತ್ತದೆ. ಎಷ್ಟು ಮನೆ, ಎಷ್ಟು ಎಕರೆ, ಎಷ್ಟು ಬಲೆ, ಯಾವ ತಿಂಗಳು ಬೇಕು, ಎಲ್ಲ ಬರೆಯಿರಿ. ಬಲೆಯೊಳಗಿನ ಲ್ಯೂರ್, ಅಂದರೆ ಆ ವಾಸನೆ ಬರಿಸುವ ತುಂಡು, ಆಗಾಗ ಬದಲಿಸಬೇಕು, ಅದನ್ನೂ ಲೆಕ್ಕಕ್ಕೆ ಸೇರಿಸಿ. ಎಷ್ಟೋ ಕಡೆ ಬಲೆ ಕೊಟ್ಟು ಲ್ಯೂರ್ ಮರೆಯುತ್ತಾರೆ. ಆಮೇಲೆ ಅದು ಖಾಲಿ ಡಬ್ಬಿ ಅಷ್ಟೇ. ಎಕರೆಗೆ ಎಷ್ಟು ಬೇಕು ಅಂತ ಇಲ್ಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಬರೆಸಿಕೊಂಡು ಅರ್ಜಿಗೆ ಲಗತ್ತಿಸಿ.

ಕೊಕ್ಕಡದವಳು

ಗುಂಡಿ ತೋಡಿ ಹೂತೆ ಅಂತ ಓದಿ ಕಣ್ಣು ತುಂಬಿ ಬಂತು. ನಮ್ಮ ಊರಿನ ಗೇರು ತೋಟಕ್ಕೆ ಎಂಡೋಸಲ್ಫಾನ್ ಮದ್ದು ಬಿಟ್ಟದ್ದು ಆಕಾಶದಿಂದ, ಹೆಲಿಕಾಪ್ಟರ್‌ನಲ್ಲಿ. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಸಾಯಲಿ ಅಂತ. ನಾವು ಮಕ್ಕಳು ಅಂಗಳಕ್ಕೆ ಓಡಿ ಬಂದು ತಲೆ ಎತ್ತಿ ನೋಡುತ್ತಿದ್ದೆವು. ಬಾವಿ ಮುಚ್ಚಿ ಅಂತಲೂ ನಮಗೆ ಯಾರೂ ಹೇಳಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರ ಮೇ 13ಕ್ಕೆ. ಅಷ್ಟರಲ್ಲಿ ನನ್ನ ಚಿಕ್ಕಮ್ಮನ ಮಗ ಹಾಸಿಗೆ ಬಿಟ್ಟು ಎದ್ದವನೇ ಅಲ್ಲ.

ಅದೇ ಗೇರು ಮರದಲ್ಲಿ ಚಗಳಿ ಇರುವೆ ಎಲೆ ಹೊಲಿದು ಗೂಡು ಮಾಡುತ್ತದೆ. ಟೀ ಸೊಳ್ಳೆಯನ್ನು ಹಿಡಿದು ತಿನ್ನುತ್ತದೆ. ಮದ್ದು ಬಿಟ್ಟರೆ ಮೊದಲು ಸಾಯುವುದು ಅದೇ. ಈಗ ನಮ್ಮ ಮರಗಳಲ್ಲಿ ಮತ್ತೆ ಗೂಡು ಕಾಣುತ್ತಿವೆ. ಗೇರುಹಣ್ಣು ಕೊಯ್ಯುವಾಗ ಕಚ್ಚುತ್ತವೆ, ಕಚ್ಚಲಿ.

ನೀವು ಖಂಡಿತ ಕೇಳಿ ಅಕ್ಕ. ಸರ್ಕಾರದ ದುಡ್ಡು ಮೊದಲು ಯಾವುದಕ್ಕೆ ಹೋಗುತ್ತದೆ ಅನ್ನುವುದೇ ದೊಡ್ಡ ವಿಷಯ. ನಿಷೇಧ ಬರುವಷ್ಟರಲ್ಲಿ ನಮ್ಮಂಥವರಿಗೆ ತಡವಾಗಿರುತ್ತದೆ.

ಅಡಿಕೆ ಕೃಷಿಕ, ಕಾರ್ಕಳ

ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡಬೇಡಿ ಅಕ್ಕ. ಬಲೆ ಕೇಳಿ, ನಾನೂ ಜೊತೆಗಿದ್ದೇನೆ. ಆದರೆ ‘ಮದ್ದು ನಿಲ್ಲಿಸಿ’ ಅಂತ ನಿರ್ಣಯ ಬೇಡ. ಶ್ರೀಲಂಕಾದಲ್ಲಿ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿದರು. ರೈತರ ಕೈಗೆ ಬದಲಿ ಕೊಟ್ಟಿರಲಿಲ್ಲ. ಅದೇ ವರ್ಷ ಆದೇಶ ಹಿಂದೆ ತೆಗೆಯಬೇಕಾಯಿತು.

ನಮ್ಮಲ್ಲಿ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ತಲಾ ಒಂದು ಕಿಲೋ, ನೂರು ಲೀಟರ್ ನೀರು. ಮಳೆಗಾಲಕ್ಕೆ ಮುಂಚೆ ಈ ಬೋರ್ಡೋ ದ್ರಾವಣ ಬಿಡದಿದ್ದರೆ ಅಡಿಕೆ ಗೊನೆ ಪೂರ್ತಿ ಉದುರುತ್ತದೆ. ಎಲ್ಲ ಮದ್ದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ನನ್ನಂಥವರು ಕೈ ಎತ್ತುವುದಿಲ್ಲ.

ನಿವೃತ್ತ ಮೇಷ್ಟ್ರು, ಮಂಗಳೂರು

ಕಾರ್ಕಳದವರ ಮಾತು ನಿಜ. ಸರಿಯಾಗಿ ಮಾಡಿದ ಉದಾಹರಣೆಯೂ ಒಂದು ಉಂಟು. ಇಂಡೋನೇಷ್ಯಾದಲ್ಲಿ ಭತ್ತಕ್ಕೆ ಕಂದು ಜಿಗಿಹುಳದ ಕಾಟ ವಿಪರೀತವಾಗಿತ್ತು. ಮದ್ದು ಜಾಸ್ತಿಯಾದಷ್ಟೂ ಹುಳವೂ ಜಾಸ್ತಿ. ಹುಳದ ಮೊಟ್ಟೆ ದಂಟಿನ ಒಳಗೆ ಭದ್ರವಾಗಿರುತ್ತಿತ್ತು, ಹೊರಗೆ ಅದನ್ನು ತಿನ್ನುವ ಜೇಡ ಸಾಯುತ್ತಿತ್ತು. 1986ರಲ್ಲಿ ಅಲ್ಲಿಯ ಸರ್ಕಾರ ಭತ್ತಕ್ಕೆ ಬಿಡುವ 57 ಕೀಟನಾಶಕಗಳನ್ನು ನಿಷೇಧಿಸಿತು. ಮದ್ದಿನ ಸಬ್ಸಿಡಿಯನ್ನು ಹಂತಹಂತವಾಗಿ ತೆಗೆಯಿತು. ಜೊತೆಗೆ ಗದ್ದೆಯಲ್ಲೇ ರೈತರ ಪಾಠಶಾಲೆ ಶುರುಮಾಡಿತು. ವಾರವಾರ ಗದ್ದೆಗಿಳಿದು, ಯಾವುದು ತಿನ್ನುವ ಹುಳ, ಯಾವುದು ಕಾಯುವ ಹುಳ ಅಂತ ರೈತರೇ ಎಣಿಸಿ ಕಲಿತರು.

ನಮ್ಮ ರಾಜ್ಯಕ್ಕೂ 2004ರಿಂದ ಸಾವಯವ ಕೃಷಿ ನೀತಿ ಇದೆ. ಅರ್ಜಿಯಲ್ಲಿ ಅದನ್ನು ಹೆಸರಿಸಿ. ಹೊಸದೇನೋ ಕೇಳುತ್ತಿದ್ದೀರಿ ಅಂತ ಅವರಿಗೆ ಅನಿಸಬಾರದು.

ಗದ್ದೆಬದಿ ಅಕ್ಕ, ಮಟ್ಟು

ಎಲ್ಲರಿಗೂ ತುಂಬಾ ಉಪಕಾರ. ಕೊಕ್ಕಡದ ತಂಗಿ, ನಿನ್ನ ಮಾತನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಕಾರ್ಕಳದ ಅಣ್ಣ ಹೇಳಿದ ಹಾಗೆ ‘ಮದ್ದು ನಿಲ್ಲಿಸಿ’ ಅನ್ನುವ ಸಾಲು ಹೊಡೆದುಹಾಕಿದೆ. ಈಗ ಅರ್ಜಿಯಲ್ಲಿ ಮೂರೇ ಕೇಳಿಕೆ. ಬೈಲಿನ ಹದಿನೇಳು ಮನೆಗೂ ಒಂದೇ ವಾರದಲ್ಲಿ ಬಲೆ, ಸೀಸನ್ ಮುಗಿಯುವವರೆಗೆ ಲ್ಯೂರ್. ವಾರಕ್ಕೊಮ್ಮೆ ಗದ್ದೆಯಲ್ಲೇ ಹುಳ ಗುರುತಿಸಲು ಕಲಿಸುವವರು. ಅಂಗನವಾಡಿಯ ಬೇಲಿ ಪಕ್ಕದ ಗದ್ದೆಗಳಲ್ಲಿ ಮಕ್ಕಳು ಇರುವ ಹೊತ್ತು ಮದ್ದು ಬಿಡಬಾರದು.

ನಿನ್ನೆ ಸಂಜೆ ಪಕ್ಕದ ಗದ್ದೆಯವರ ಮನೆಗೆ ಹೋದೆ. ಸೀಳಿದ ಕುಡಿ, ಬಲೆಗೆ ಬಿದ್ದ ಪತಂಗ ಎರಡನ್ನೂ ಎಲೆಯಲ್ಲಿ ಕಟ್ಟಿಕೊಂಡು ಹೋಗಿದ್ದೆ. ಇಷ್ಟು ವರ್ಷ ಮದ್ದು ಬಿಟ್ಟವರು ಆ ಪತಂಗವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲಂತೆ. ಚಾ ಕೊಟ್ಟರು. ಪಂಚಾಯತ್ ಬಲೆ ಕೊಟ್ಟರೆ ಒಂದು ಸೀಸನ್ ಮದ್ದು ಬಿಡದೆ ನೋಡುತ್ತೇನೆ ಅಂದರು. ಎರಡನೇ ಸಹಿ ಅವರದ್ದು. ಇನ್ನು ಹದಿನೈದು ಮನೆ ಉಂಟು.